‘ಆ ಜನವೇ ಹಾಗೆ’ ಎನ್ನುವ ಮುನ್ನ

ಪಾಲಕೋಡಿನ ಟೊಮೇಟೊ ಮಂಡಿಯಲ್ಲಿ ವ್ಯಾಪಾರ ನಡೆಯುವಾಗ ತಮಿಳು, ತೆಲುಗು, ಕನ್ನಡ, ಉರ್ದು ಮಾತುಗಳೆಲ್ಲವೂ ಕಿವಿಗೆ ಬೀಳುತ್ತವೆ. ಬೆಲೆ ಕುಸಿದ ದಿನ ಯಾವ ಭಾಷೆಯ ರೈತನ ನಿಟ್ಟುಸಿರೂ ಬೇರೆಯಲ್ಲ. ಹೀಗೆ ತಲೆಮಾರುಗಳಿಂದ ಕೂಡಿ ಬಾಳಿದ ನೆಲದಲ್ಲಿಯೂ, ದೂರದ ಯಾವುದೋ ನಗರದಿಂದ ಒಂದು ಕೆಟ್ಟ ಸುದ್ದಿ ಬಂದೊಡನೆ ‘ನಾವು’, ‘ಅವರು’ ಎಂಬ ಗೆರೆ ಮೂಡಿಬಿಡುತ್ತದೆ. ಗಡಿನಾಡಿನಲ್ಲಿ ವಾಸಿಸುವ ನಮಗೆ ಈ ಗೆರೆಯ ಪರಿಚಯ ಒಳನಾಡಿನವರಿಗಿಂತ ಹೆಚ್ಚು. ಅದು ಮೂಡುವುದಾದರೂ ಹೇಗೆ ಎಂಬುದನ್ನು ಮನಶ್ಶಾಸ್ತ್ರದ ಬೆಳಕಿನಲ್ಲಿ ಈ ಸಲ ವಿಚಾರಿಸೋಣ.

ಮನುಷ್ಯನ ಆಸೆ ಭಂಗವಾದಾಗ ಸಿಟ್ಟು ಹುಟ್ಟುತ್ತದೆ. ಸಿಟ್ಟಿಗೆ ಕಾರಣನಾದವನು ಕೈಗೆ ಎಟುಕದಿದ್ದರೆ ಅದು ಹತ್ತಿರದ ದುರ್ಬಲನ ಮೇಲೆ ತಿರುಗುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಜಾನ್ ಡೊಲಾರ್ಡ್ ಮತ್ತು ಸಂಗಡಿಗರು 1939ರಲ್ಲಿ ಮಂಡಿಸಿದ ವಿಚಾರದ ತಿರುಳು ಇದು. ‘ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ’ ಎಂದು ನಮ್ಮ ಹಿರಿಯರು ಇದನ್ನೇ ನಾಲ್ಕು ಮಾತಿನಲ್ಲಿ ಹೇಳಿದ್ದಾರೆ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶವು 1991ರ ಡಿಸೆಂಬರ್ 11ರಂದು ಕೇಂದ್ರದ ರಾಜ್ಯಪತ್ರದಲ್ಲಿ ಪ್ರಕಟವಾದ ಬೆನ್ನಿಗೇ ಬೆಂಗಳೂರಿನಲ್ಲಿ ತಮಿಳರ ಮೇಲೆ ನಡೆದ ಹಿಂಸೆಯನ್ನು ನೆನೆಯಿರಿ. ಆದೇಶ ಬರೆದವರು ನ್ಯಾಯಾಧೀಶರು. ಏಟು ತಿಂದವರು ದಿನಗೂಲಿಯವರು, ಗುಡಿಸಲುಗಳಲ್ಲಿ ವಾಸವಾಗಿದ್ದವರು. ಕಾವೇರಿಯ ಒಂದು ಬೊಗಸೆ ನೀರಿನ ಮೇಲೂ ಅವರಿಗೆ ಅಧಿಕಾರವಿರಲಿಲ್ಲ.

ಆದರೆ ಸಿಟ್ಟೊಂದೇ ಸಾಲದು. ಅದು ಇಂಥವರ ಮೇಲೆಯೇ ಏಕೆ ತಿರುಗಬೇಕು? ಹೆನ್ರಿ ತಾಜ್‌ಫೆಲ್ ಎಂಬ ವಿದ್ವಾಂಸರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಪೋಲೆಂಡಿನ ಯೆಹೂದಿ ಮನೆತನದಲ್ಲಿ ಹುಟ್ಟಿ, ಎರಡನೆಯ ಮಹಾಯುದ್ಧದಲ್ಲಿ ಸೆರೆಸಿಕ್ಕಿ, ಬಿಡುಗಡೆಯಾಗಿ ಬರುವಷ್ಟರಲ್ಲಿ ಹತ್ತಿರದ ಬಂಧುಗಳನ್ನೆಲ್ಲ ಕಳೆದುಕೊಂಡಿದ್ದವರು ಅವರು. 1970ರ ಸುಮಾರಿಗೆ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ 14–15 ವರ್ಷದ ಶಾಲಾ ಬಾಲಕರನ್ನು, ಕೇವಲ ಅವರಿಗೆ ಯಾವ ಚಿತ್ರಕಾರ ಮೆಚ್ಚುಗೆಯಾದನೆಂಬ ನೆಪದ ಮೇಲೆ, ಎರಡು ಗುಂಪಾಗಿ ವಿಂಗಡಿಸಿದರು. ಯಾರು ಯಾವ ಗುಂಪಿನಲ್ಲಿದ್ದಾರೆಂದು ಪರಸ್ಪರ ತಿಳಿದಿರಲಿಲ್ಲ. ಹಳೆಯ ಜಗಳವೂ ಇರಲಿಲ್ಲ. ಬಳಿಕ ಬೇರೆ ಇಬ್ಬರಿಗೆ, ತಮ್ಮ ಗುಂಪಿನವನೊಬ್ಬ, ಆಚೆಯ ಗುಂಪಿನವನೊಬ್ಬ, ಹಣ ಹಂಚುವ ಕೆಲಸ ಕೊಟ್ಟರು. ತಮ್ಮವನಿಗೆ 19, ಆಚೆಯವನಿಗೆ 25 ಎಂಬುದು ಒಂದು ತುದಿ. ತಮ್ಮವನಿಗೆ 7, ಆಚೆಯವನಿಗೆ 1 ಎಂಬುದು ಇನ್ನೊಂದು ತುದಿ. ಮೊದಲನೆಯದರಲ್ಲಿ ತಮ್ಮವನಿಗೇ ಲಾಭ ಹೆಚ್ಚು. ಆದರೂ ಬಾಲಕರ ಒಲವು ಎರಡನೆಯ ತುದಿಯತ್ತ ಜಾರಿತು. ತಮಗೆ ಹೆಚ್ಚು ಸಿಗುವುದಕ್ಕಿಂತ ಅವರಿಗಿಂತ ಮೇಲಾಗಿರುವುದೇ ಪ್ರಿಯವಾಯಿತು.

ಈ ಕಣ್ಣಿನಿಂದ ನಮ್ಮ ಜಿಲ್ಲೆಯ ಒಂದು ಪ್ರಕರಣವನ್ನು ನೋಡಬಹುದು. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳ ಅನೇಕ ಊರುಗಳ ಬಾವಿನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದೆ. ಅದನ್ನು ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ. ವರ್ಷಗಳು ಕಳೆದಂತೆ ಮೂಳೆಗಳು ಗಡುಸಾಗಿ ಬೆನ್ನು ಬಾಗುತ್ತದೆ. ಇದರ ಪರಿಹಾರಕ್ಕೆಂದು ಹೊಗೇನಕಲ್ಲಿನಿಂದ ಕಾವೇರಿ ನೀರು ತರುವ ಯೋಜನೆಗೆ 2008ರ ಫೆಬ್ರವರಿಯಲ್ಲಿ ಶಂಕುಸ್ಥಾಪನೆಯಾದಾಗ ಎರಡೂ ರಾಜ್ಯಗಳಲ್ಲಿ ಕಿಚ್ಚು ಹೊತ್ತಿತು. ಅಲ್ಲಿಯ ಎಲ್ಲೆಯ ಅಳತೆ ಇತ್ಯರ್ಥವಾಗಿಲ್ಲವೆಂದು ಕರ್ನಾಟಕದ ಆಕ್ಷೇಪಣೆ. 1998ರಲ್ಲಿಯೇ ಒಪ್ಪಿಗೆ ದೊರೆತಿದೆಯೆಂದು ತಮಿಳುನಾಡಿನ ವಾದ. ಅವೆರಡನ್ನೂ ತೂಗುವುದು ಈ ಅಂಕಣದ ಕೆಲಸವಲ್ಲ. ನಾವು ಗಮನಿಸಬೇಕಾದುದು ಬೇರೊಂದು. ಕೆಲವೇ ದಿನಗಳಲ್ಲಿ ನೀರಿನ ಮಾತು ಹಿಂದೆ ಸರಿದು ‘ಕನ್ನಡಿಗರು’, ‘ತಮಿಳರು’ ಎಂಬ ಎರಡು ಹೆಸರುಗಳಷ್ಟೇ ಉಳಿದವು. ಆ ಲೆಕ್ಕದಲ್ಲಿ ಧರ್ಮಪುರಿ ಜಿಲ್ಲೆಯ ಕನ್ನಡದ ಮನೆಗೆ ಎಡೆಯೇ ಇರಲಿಲ್ಲ. ಫ್ಲೋರೈಡಿನ ನೀರು ಕುಡಿಯುವವರಲ್ಲಿ ಕನ್ನಡದ ಮಕ್ಕಳೂ ಇದ್ದರೆಂಬುದು ಅಲ್ಲಿ ಯಾರಿಗೂ ನೆನಪಾಗಲಿಲ್ಲ. ಇಲ್ಲಿಯ ಕನ್ನಡಿಗನು ಅದೇ ನೀರಿಗಾಗಿ ಕಾದಿದ್ದನೆಂಬುದು ಇಲ್ಲಿಯೂ ಅನೇಕರಿಗೆ ಕಾಣಲಿಲ್ಲ. ಯೋಜನೆ ಮುಂದೆ ಜಪಾನಿನ ಸಾಲದ ನೆರವಿನಿಂದ 2013ರಲ್ಲಿ ಕಾರ್ಯಾರಂಭ ಮಾಡಿತು. ಕೊಳವೆಯ ನೀರು ಯಾರ ಮಾತೃಭಾಷೆಯನ್ನೂ ಕೇಳಿ ಹರಿಯುವುದಿಲ್ಲ.

ಇದೆಲ್ಲ ಭಾಷೆಯ ದೋಷವೆಂದು ತಿಳಿದರೆ ಅದೂ ತಪ್ಪಾದೀತು. 2012ರ ನವೆಂಬರ್ 7ರಂದು ಇದೇ ಧರ್ಮಪುರಿ ಜಿಲ್ಲೆಯ ನತ್ತಂ, ಅಣ್ಣಾನಗರ, ಕೊಂಡಂಪಟ್ಟಿ ಎಂಬ ದಲಿತ ಕಾಲೋನಿಗಳಲ್ಲಿ 200ಕ್ಕೂ ಹೆಚ್ಚು ಮನೆಗಳು ಬೆಂಕಿಗೆ ಆಹುತಿಯಾದವು. ಅಂತರ್ಜಾತೀಯ ವಿವಾಹವೊಂದು ಅದಕ್ಕೆ ನೆಪ. ಹಚ್ಚಿದವರದೂ, ಮನೆ ಕಳೆದುಕೊಂಡವರದೂ ಒಂದೇ ಭಾಷೆ, ಒಂದೇ ಸೀಮೆ. ಅಲ್ಲಿ ‘ಅವರಿಗಿಂತ ಮೇಲಾಗಿರಬೇಕು’ ಎಂಬ ಹಠ ಭಾಷೆಯ ಬದಲು ಜಾತಿಯ ವೇಷ ತೊಟ್ಟಿತ್ತು. ಆಟದ ಗುಂಪು ಒಂದು ಗಂಟೆಯದು. ಜಾತಿಯ ಗುಂಪಿಗೆ ಶತಮಾನಗಳ ಮೇಲು-ಕೀಳಿನ ಬಲವಿದೆ. ಕೆಳಗಿರಬೇಕಾದವನೆಂದು ಎಣಿಸಿದವನು ಸರಿಸಮನಾಗಿ ನಿಂತಾಗಲೇ ಅದು ಹೆಚ್ಚು ಕೆರಳುತ್ತದೆ. ಕನ್ನಡದ ಮನೆಗಳು ಈ ರೋಗದಿಂದ ಮುಕ್ತವೆಂದು ಯಾರೂ ಹೇಳಲಾರರು.

ಹಾಗಾದರೆ ಪರಿಹಾರವೇನು? ಜನರನ್ನು ಒಂದೆಡೆ ಸೇರಿಸಿಬಿಟ್ಟರೆ ಸಾಕೆಂಬ ನಂಬಿಕೆ ಬಹಳ ಹಿಂದಿನದು. ಅಮೆರಿಕದ ಓಕ್ಲಹೋಮದಲ್ಲಿ 1954ರಲ್ಲಿ ಮುಜಾಫರ್ ಷೆರಿಫ್ ಎಂಬ ತುರ್ಕಿ ಮೂಲದ ವಿದ್ವಾಂಸರು ಇದನ್ನು ಪರೀಕ್ಷಿಸಿದರು. 22 ಮಂದಿ ಬಾಲಕರ ಬೇಸಗೆ ಶಿಬಿರದಲ್ಲಿ ಎರಡು ತಂಡಗಳಾಗಿ, ಬಹುಮಾನದ ಪಂದ್ಯಗಳು ನಡೆದು, ಕೆಲವೇ ದಿನಗಳಲ್ಲಿ ಒಬ್ಬರ ಬಾವುಟವನ್ನೊಬ್ಬರು ಸುಡುವವರೆಗೆ ವೈರ ಬೆಳೆಯಿತು. ಜೊತೆಯಲ್ಲಿ ಊಟಕ್ಕೆ ಕೂರಿಸಿದರೆ ಅನ್ನದ ಪದಾರ್ಥಗಳನ್ನೇ ಎಸೆದಾಡಿದರು. ಆಗ ಶಿಬಿರಕ್ಕೆ ನೀರು ಬರುವ ವ್ಯವಸ್ಥೆಯನ್ನು ಕೆಡಿಸಲಾಯಿತು. ಎರಡೂ ತಂಡದವರಿಗೆ ಬಾಯಾರಿಕೆ. ಕೆಟ್ಟಿರುವ ಸ್ಥಳವನ್ನು ಹುಡುಕಲು ಎಲ್ಲರೂ ಬೇಕಾಯಿತು. ಮುಂದೆ ನಿಂತುಹೋದ ಲಾರಿಯನ್ನು ಒಂದೇ ಹಗ್ಗ ಹಿಡಿದು ಎಳೆದರು. ಇಂಥ ಕೆಲಸಗಳು ಒಂದಾದ ಮೇಲೊಂದು ಬಂದಂತೆ ದ್ವೇಷ ಕರಗಿತು. ಯಾವ ನೀರಿಗಾಗಿ ನಾವು ಬಡಿದಾಡುತ್ತೇವೆಯೋ ಅದೇ ನೀರು ಅಲ್ಲಿ ಕೂಡಿಸುವ ಕೆಲಸ ಮಾಡಿತು.

ಅದೇ ವರ್ಷ ಹೊರಬಂದ ಗ್ರಂಥದಲ್ಲಿ ಗಾರ್ಡನ್ ಆಲ್ಪೋರ್ಟರು, ಪೂರ್ವಗ್ರಹ ಕರಗಲು ಬರಿಯ ಭೇಟಿ ಸಾಲದು, ಸರಿಸಮಾನ ಸ್ಥಾನ, ಸಮಾನ ಗುರಿ, ಸಹಕಾರ, ಕಾನೂನು ಅಥವಾ ಹಿರಿಯರ ಬೆಂಬಲ ಇವು ಬೇಕೆಂದು ತಿಳಿಸಿದರು. ಪೆಟಿಗ್ರೂ ಮತ್ತು ಟ್ರಾಪ್ ಎಂಬವರು 500ಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ 2006ರಲ್ಲಿ, ಒಡನಾಟವು ಪೂರ್ವಗ್ರಹವನ್ನು ಸಾಮಾನ್ಯವಾಗಿ ತಗ್ಗಿಸುತ್ತದೆ, ಈ ನಿಬಂಧನೆಗಳಿದ್ದಲ್ಲಿ ಇನ್ನೂ ಹೆಚ್ಚು ತಗ್ಗಿಸುತ್ತದೆ ಎಂದು ತೋರಿಸಿದರು. ಒಕ್ಕಣ್ಣಿನ ಲೆಕ್ಕದ ಮಂಡಿಯಲ್ಲಿ ಭೇಟಿಯುಂಟು, ಆದರೆ ಮಾರುವವನೂ ಕೊಳ್ಳುವವನೂ ಸಮಾನರಲ್ಲ. ಆದುದರಿಂದ ಮಂಡಿಯ ಸ್ನೇಹ ಗಲಭೆಯ ದಿನ ಗಟ್ಟಿಯಾಗಿ ನಿಲ್ಲುವುದೆಂಬ ಭರವಸೆಯಿಲ್ಲ. ಇದಕ್ಕೆ ಹೋಲಿಸಿದರೆ, ಮದ್ರಾಸ್ ಅಭಿವೃದ್ಧಿ ಅಧ್ಯಯನ ಸಂಸ್ಥೆಯ ಮುಂದಾಳುತನದಲ್ಲಿ 2003ರಲ್ಲಿ ಆರಂಭವಾದ ‘ಕಾವೇರಿ ಕುಟುಂಬ’ದ ಪ್ರಯತ್ನ ಸ್ಮರಣೀಯ. ಎರಡು ರಾಜ್ಯಗಳ ರೈತರು ಒಬ್ಬರ ಹೊಲವನ್ನೊಬ್ಬರು ಕಂಡು, ಬರಗಾಲದಲ್ಲಿ ಕೊರತೆಯನ್ನು ಹಂಚಿಕೊಳ್ಳುವ ಬಗೆಯನ್ನು ಕುಳಿತು ಮಾತಾಡಿದರು. ವಿವಾದ ಅದರಿಂದ ಮುಗಿಯಲಿಲ್ಲ. ಆದರೆ ಎದುರಿನವನೂ ಒಣಗಿದ ಪೈರಿನ ಒಡೆಯನೆಂಬುದು ಆ ರೈತರಿಗೆ ಕಣ್ಣಾರೆ ತಿಳಿಯಿತು.

ಮನೆಯಲ್ಲಿ ನಾವು ಮಾಡಬಹುದಾದುದೂ ಉಂಟು. ನಮ್ಮವನೊಬ್ಬ ತಪ್ಪು ಮಾಡಿದರೆ ‘ಪಾಪ, ಅವನ ಪರಿಸ್ಥಿತಿ ಹಾಗಿತ್ತು’ ಎನ್ನುತ್ತೇವೆ. ಬೇರೆಯವನು ಅದನ್ನೇ ಮಾಡಿದರೆ ‘ಆ ಜನವೇ ಹಾಗೆ’ ಎಂದುಬಿಡುತ್ತೇವೆ. ಊಟದ ಹೊತ್ತಿನಲ್ಲಿ ಆಡಿದ ಈ ಮಾತನ್ನು ಮಕ್ಕಳು ಪಾಠಕ್ಕಿಂತ ಬೇಗ ಕಲಿಯುತ್ತಾರೆ. 2016ರ ಸೆಪ್ಟೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ಎರಡೂ ಕಡೆ ನಡೆದ ಹಲ್ಲೆಗಳಿಗೆ ಕೈಯಿಂದ ಕೈಗೆ ಹರಿದ ಮೊಬೈಲ್ ಚಿತ್ರಗಳು ತುಪ್ಪ ಸುರಿದುದನ್ನು ಮರೆಯುವಂತಿಲ್ಲ. ಅಂಥ ಚಿತ್ರ ನಮ್ಮ ಮನೆಯೊಳಕ್ಕೆ ಬಂದಾಗ ಮುಂದಕ್ಕೆ ಕಳುಹಿಸದೆ ನಿಲ್ಲಿಸಬೇಕು. ‘ಆ ಜನ’ ಎಂಬ ಮಾತು ಬಾಯಿಗೆ ಬಂದಾಗ, ಆ ಜನರಲ್ಲಿ ನಮಗೆ ಹೆಸರು ಹಿಡಿದು ಪರಿಚಯವಿರುವ ಒಬ್ಬರನ್ನು ಮೊದಲು ನೆನೆಯಬೇಕು. ಮಕ್ಕಳಿಗೆ ಕನ್ನಡದ ಓದುಬರಹ ಕಲಿಸುವುದು ಗಡಿನಾಡ ತಾಯಿತಂದೆಯರ ಕರ್ತವ್ಯ. ನೆರೆಮನೆಯ ತಮಿಳು ಕೂಸಿನೊಡನೆ ಕೂಡಿ ಆಡುವುದನ್ನು ಕಲಿಸುವುದೂ ಅಷ್ಟೇ ಕರ್ತವ್ಯ. ಒಂದರಿಂದ ಇನ್ನೊಂದಕ್ಕೆ ಕುಂದು ಬಾರದು.