ಬಣಗಳ ಜಗಳಕ್ಕೆ ತತ್ವದ ಹೆಸರು
1955ರಲ್ಲಿ ಆವಡಿಯಲ್ಲಿ ಕಾಂಗ್ರೆಸ್ಸು ಸಮಾಜವಾದೀ ಮಾದರಿಯ ಸಮಾಜವೇ ತನ್ನ ಗುರಿಯೆಂದು ಠರಾವು ಮಾಡಿತು. ಗಿರಣಿಯ ಧಣಿಯೂ ಕೂಲಿಗಾರನೂ ಒಂದೇ ಛತ್ರಿಯಡಿ ನಿಂತರು. 1969ರ ಜುಲೈಯಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಆ ಛತ್ರಿ ಹರಿಯತೊಡಗಿತು. ಒಂದು ಕಡೆ ನಿಜಲಿಂಗಪ್ಪನವರ ‘ಸಿಂಡಿಕೇಟು’, ಇನ್ನೊಂದು ಕಡೆ ಇಂದಿರಾ ಗಾಂಧಿಯವರು. ಜುಲೈ 19ರಂದು 14 ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ನವೆಂಬರಿನಲ್ಲಿ ಪಕ್ಷವೇ ಎರಡು ಹೋಳಾಯಿತು.

ಸಣ್ಣ ಅಂಗಡಿಕಾರನಿಗೆ ಬ್ಯಾಂಕು ಹತ್ತಿರವಾದದ್ದು ನಿಜ, ಅದನ್ನು ಅಲ್ಲಗಳೆಯಬೇಕಾಗಿಲ್ಲ. ಆದರೆ 1974ರ ಮೇ ತಿಂಗಳಲ್ಲಿ ರೈಲ್ವೆ ಕಾರ್ಮಿಕರು ಮುಷ್ಕರ ಹೂಡಿದಾಗ ಸಾವಿರಾರು ಮಂದಿಯನ್ನು ಸೆರೆಗೆ ತಳ್ಳಿದ್ದೂ ಇಂದಿರಾ ಸರಕಾರವೇ!

ಬಣದ ಜಗಳದಲ್ಲಿ ತತ್ವವು ಆಯುಧ. ಗೆದ್ದ ಮೇಲೆ ಅದು ಅಟ್ಟಕ್ಕೆ. ಆದುದರಿಂದ ಬಂಧುಗಳೇ, ಓಟು ಕೇಳಲು ಬಂದವರನ್ನು ಯಾವ ಬಣವೆಂದು ಕೇಳಬೇಡಿರಿ. ಮುಷ್ಕರದ ದಿನ ಯಾರ ಕಡೆ ನಿಂತಿದ್ದಿರಿ ಎಂದು ಕೇಳಿರಿ.