ಹನ್ನೆರಡು ವಾರ ಕಾಯೋದು ಅಂದ್ರೆ...

ನಮ್ಮ ಸೋದರಮಾವನಿಗೆ ಗಂಟಲ ಕ್ಯಾನ್ಸರ್. ನಾಲಿಗೆ ಬುಡದಲ್ಲಿ ಶುರುವಾಗಿ ಕುತ್ತಿಗೆಯ ಗ್ರಂಥಿಗಳಿಗೂ ಹಬ್ಬಿತ್ತು. ಏಳು ವಾರದ ರೇಡಿಯೇಷನ್, ಜೊತೆಗೆ ಕೀಮೋ ಮುಗೀತು. ಗಂಟು ಮಾತ್ರ ಇನ್ನೂ ಕೈಗೆ ಸಿಗ್ತಿದೆ. "ಪೆಟ್-ಸಿಟಿ ಯಾವಾಗ ಸಾರ್?" ಅಂದ್ರೆ ಡಾಕ್ಟರು "ಮೂರು ತಿಂಗಳು ಆಗಲಿ" ಅಂದು ಎದ್ದು ಹೋದ್ರು. ನನಗೆ ಸಿಟ್ಟು ಬಂತು. "ದುಡ್ಡು ನಾನು ಕೊಡ್ತೀನಿ ಅತ್ತೆ, ಈ ವಾರವೇ ಬೇರೆ ಕಡೆ ಮಾಡಿಸೋಣ" ಅಂದೆ.

ಆಮೇಲೆ ಕೂತು ಓದಿದೆ. ತಪ್ಪು ನನ್ನದೇ.

ಪೆಟ್ ಸ್ಕ್ಯಾನ್ ನೋಡೋದು ಕ್ಯಾನ್ಸರನ್ನಲ್ಲ, ಸಕ್ಕರೆಯನ್ನ. ಗ್ಲೂಕೋಸಿನಂಥದ್ದೇ ವಸ್ತುವಿಗೆ ವಿಕಿರಣ ಸೂಸುವ ಫ್ಲೋರಿನ್-18 ಸೇರಿಸಿ ರಕ್ತನಾಳಕ್ಕೆ ಚುಚ್ತಾರೆ. ಅದನ್ನ ಜಾಸ್ತಿ ಹೀರಿಕೊಂಡ ಜಾಗ ಚಿತ್ರದಲ್ಲಿ ಹೊಳೆಯುತ್ತೆ. ಆ ಹೊಳಪು ನಿಖರವಾಗಿ ಎಲ್ಲಿದೆ ಅಂತ ತೋರಿಸೋದು ಸಿಟಿ. ಕ್ಯಾನ್ಸರ್ ಜೀವಕೋಶ ಸಕ್ಕರೆಬಾಕ, ಸರಿ. ಆದ್ರೆ ರೇಡಿಯೇಷನ್ನಿಂದ ಬೆಂದು ಉರಿಯೂತ ಆಗಿರೋ ಗಂಟಲೂ ಸಕ್ಕರೆ ಹೀರುತ್ತೆ! ನಾಲ್ಕನೇ ವಾರಕ್ಕೇ ಸ್ಕ್ಯಾನ್ ಮಾಡಿಸಿದ್ರೆ ವಾಸಿಯಾಗ್ತಿರೋ ಜಾಗವೇ ರೋಗದ ಹಾಗೆ ಕಾಣಬಹುದು. ಆಮೇಲೆ ಬೇಡದ ಬಯಾಪ್ಸಿ, ಬೇಡದ ಆಪರೇಷನ್, ಬೇಡದ ಅಳು...

ಸರಿಯಾದ ಹೊತ್ತಿಗೆ ಮಾಡಿದ್ರೆ ಇದೇ ಸ್ಕ್ಯಾನ್ ಆಪರೇಷನ್ನನ್ನೇ ತಪ್ಪಿಸುತ್ತೆ. ಬ್ರಿಟನ್ನಿನ ಪೆಟ್-ನೆಕ್ ಅಧ್ಯಯನ 2016ರಲ್ಲಿ ಪ್ರಕಟವಾಯ್ತು. ಮಾವನ ಹಾಗೆ ಕುತ್ತಿಗೆಗೆ ಹಬ್ಬಿದ್ದ 564 ರೋಗಿಗಳು. ಅರ್ಧ ಜನಕ್ಕೆ ಕುತ್ತಿಗೆಯ ಗ್ರಂಥಿ ತೆಗೆಯೋ ಆಪರೇಷನ್ ಅಂತ ಮೊದಲೇ ನಿಗದಿ, ಇನ್ನರ್ಧಕ್ಕೆ ಚಿಕಿತ್ಸೆ ಮುಗಿದ 12 ವಾರಕ್ಕೆ ಪೆಟ್-ಸಿಟಿ, ಅಗತ್ಯ ಕಂಡರೆ ಮಾತ್ರ ಆಪರೇಷನ್. ಮೊದಲ ಗುಂಪಿನಲ್ಲಿ 221 ಆಪರೇಷನ್, ಸ್ಕ್ಯಾನ್ ಗುಂಪಿನಲ್ಲಿ ಬರೀ 54. ಎರಡು ವರ್ಷದ ನಂತರ ಬದುಕಿದ್ದವರು 81.5% ಮತ್ತು 84.9%. ಅಂದ್ರೆ ಕಾದವರಿಗೆ ನಷ್ಟವಾಗಲಿಲ್ಲ. ಆ ಆಪರೇಷನ್ ಆದ ಎಷ್ಟೋ ಜನಕ್ಕೆ ಭುಜ ಎತ್ತೋಕೂ ಕಷ್ಟ ಅನ್ನೋದು ಗೊತ್ತಿದ್ರೆ ಈ ಲೆಕ್ಕದ ಬೆಲೆ ತಿಳಿಯುತ್ತೆ.

ಹಾಗಾಗಿ ನಾನು ಹೇಳೋದಿಷ್ಟು. ಕಾಯೋದೂ ಚಿಕಿತ್ಸೆಯ ಭಾಗವೇ, ಅಸಡ್ಡೆ ಅಲ್ಲ. (ಮಧ್ಯೆ ರಕ್ತ ಬಂದ್ರೆ, ಗಂಟು ದೊಡ್ಡದಾದ್ರೆ ಮಾತ್ರ ಕಾಯಬೇಡಿ, ಡಾಕ್ಟರ ಹತ್ರ ಓಡಿ.) ಆದ್ರೆ ಡಾಕ್ಟರುಗಳೇ, ಯಾಕೆ ಕಾಯಬೇಕು ಅಂತ ಎರಡು ನಿಮಿಷ ಹೇಳಿ ಸ್ವಾಮಿ! ಕಾರಣ ಗೊತ್ತಿಲ್ಲದ ಮೂರು ತಿಂಗಳು ಮನೆಯವರಿಗೆ ನರಕ.

ಮಾವನಿಗೆ ಇದು ಏಳನೇ ವಾರ. ಅತ್ತೆ ದಿನಾ ಗಂಟು ಮುಟ್ಟಿ ನೋಡ್ತಾರೆ. ನಾವು ಕಾಯ್ತಿದ್ದೀವಿ.

ನಿಮ್ಮ ಮನೆಯಲ್ಲೂ ಯಾರಾದ್ರೂ ಹೀಗೆ ಕಾದಿದ್ದಾರಾ? ಬರೀರಿ.