ಕೇಬಲ್ ಕೂಡಲಿಲ್ಲ ಅಂತ ಮಾನಿಟರ್ ಎಸೀತೀರಾ?

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ಕಡೆಯ ಗೆಳೆಯರೇ, ಹೊಸ ಕಂಪ್ಯೂಟರಿನ ಕೇಬಲ್ ಹಳೆ ಮಾನಿಟರಿಗೆ ಕೂಡದಿದ್ದಾಗ ಯಾರಾದ್ರೂ "ಇದು ಹಳೇದಾತ್ರೀ, ಹೊಸಾದ ತಗೋರಿ" ಅಂದ್ರೆ ದಯವಿಟ್ಟು ಒಪ್ಪಬೇಡಿ. ಲಾಳಿ ಕೆಟ್ಟಿತು ಅಂತ ಬನಹಟ್ಟಿಯ ನೇಕಾರ ಮಗ್ಗಾನೇ ಮಾರ್ತಾನಾ?

ನೋಡಿ, ಹದಿನೈದು ತೂತಿನ ಆ ನೀಲಿ ಪೋರ್ಟ್ ಇದೆಯಲ್ಲ, ಅದು ವಿಜಿಎ. 1987ರಲ್ಲಿ ಐಬಿಎಂ ತಂದದ್ದು, ಅನಲಾಗ್. ಇಂಟೆಲ್, ಎಎಂಡಿ ಕಂಪನಿಗಳು 2015ರೊಳಗೆ ಇದನ್ನು ಕೈಬಿಡ್ತೀವಿ ಅಂತ 2010ರಲ್ಲೇ ಹೇಳಿದ್ವು. ಆಮೇಲೆ ಬಂದ ಎಚ್‌ಡಿಎಂಐ, ಡಿಸ್‌ಪ್ಲೇಪೋರ್ಟ್ ಎರಡೂ ಡಿಜಿಟಲ್. ಭಾಷೆಯೇ ಬೇರೆ, ನಡುವೆ ಒಬ್ಬ ದುಭಾಷಿ ಬೇಕೇ ಬೇಕು!

ಅದಕ್ಕೇ ಬರೀ ಕೇಬಲ್ ಸಾಲದು, ಒಳಗೆ ಚಿಪ್ ಇರೋ ಕನ್ವರ್ಟರ್ ಬೇಕು. ಕೆಲವು ನೂರು ರೂಪಾಯಿ ಅಷ್ಟೇ. ಕಂಪ್ಯೂಟರಿನ ಕಡೆ ಎಚ್‌ಡಿಎಂಐ, ಮಾನಿಟರಿನ ಕಡೆ ವಿಜಿಎ ಅಂತ ಬಿಡಿಸಿ ಕೇಳಿ. ಉಲ್ಟಾದ್ದು ತಂದ್ರೆ ಪರದೆ ಕಪ್ಪಗೇ ಇರತ್ತೆ. ಟೈಪ್-ಸಿ ನಂಬಿ ಕೂರಬೇಡಿ, ಎಲ್ಲ ಟೈಪ್-ಸಿಯಲ್ಲೂ ಚಿತ್ರ ಹೊರಗೆ ಬರಲ್ಲ.

ಅಂಗಡಿಗೆ ಹೋಗೋ ಮುಂಚೆ ಎರಡರ ಪೋರ್ಟುಗಳ ಫೋಟೋ ಮೊಬೈಲಿನಲ್ಲಿ ತೆಗೆದುಕೊಳ್ಳಿ. ಸಾವಿರಗಟ್ಟಲೆ ದುಡ್ಡು ಉಳಿಯತ್ತೆ, ಹಳೆ ಮಾನಿಟರ್ ಕಸವಾಗೋದೂ ತಪ್ಪತ್ತೆ. ನೀವೇನಂತೀರಿ?